‘ಇಂಜಿನ್ ಬಿಚ್ಚಿಲ್ಲ ಸಾರ್’

ಹಳೆಯ ಗಾಡಿ ಮಾರುವವರ ಬಾಯಲ್ಲಿ ಬೆಲೆ ಏರಿಸುವ ಮಾತೊಂದಿದೆ: ‘ಇಂಜಿನ್ ಬಿಚ್ಚಿಲ್ಲ ಸಾರ್, ಕಂಪನಿಯಿಂದ ಬಂದ ಹಾಗೇ ಇದೆ.’ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಇರಲಿ, ಅಪ್ಪನ ಕಾಲದ ಅಂಬಾಸಡರ್ ಇರಲಿ, ಈ ಮಾತು ಬಿದ್ದ ಮೇಲೆ ಚೌಕಾಸಿ ಸ್ವಲ್ಪ ಸಡಿಲವಾಗುತ್ತದೆ. ಕೊಳ್ಳುವವನು ಸೈಲೆನ್ಸರಿನ ಹೊಗೆ ನೋಡುವುದನ್ನೂ ಮರೆತು ತಲೆಯಾಡಿಸುತ್ತಾನೆ. ಇದೇ ನಂಬಿಕೆಯ ಇನ್ನೊಂದು ಮುಖ ಕಾಣುವುದು, ಗಾಡಿಯ ಮಾಲೀಕ ಮನೆಯ ಅಂಗಳದಲ್ಲಿ ತಾನೇ ಇಂಜಿನ್ ಇಳಿಸುತ್ತೇನೆಂದು ಹೊರಟಾಗ. ‘ಅದು ಮನೇಲಿ ಆಗೋ ಕೆಲಸ ಅಲ್ಲ, ಒಂದ್ಸಲ ಇಳಿಸಿದ್ರೆ ಗಾಡಿ ಮೊದಲಿನ ಹಂಗೆ ಇರಲ್ಲ’ ಎಂದು ಬೀದಿಯವರೆಲ್ಲ ಬುದ್ಧಿ ಹೇಳುತ್ತಾರೆ. ಎರಡೂ ಮಾತಿನ ಬೇರು ಒಂದೇ. ಇಂಜಿನ್ ಎಂದರೆ ಕಾರ್ಖಾನೆಯವರು ಒಂದು ಸಲಕ್ಕೆಂದು ಮುಚ್ಚಿ ಕಳಿಸಿದ್ದು, ಅದಕ್ಕೆ ಹೊರಗಿನ ಕೈ ತಗುಲಿದರೆ ಕೆಟ್ಟಿತು ಎಂಬ ಭಾವನೆ. ಈ ಭಾವನೆಯಲ್ಲಿ ಸತ್ಯದ ಅಂಶವಿದೆ. ಆದರೆ ಜನ ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ ಎನ್ನುವುದು ನನ್ನ ವಾದ.

ಮೊದಲು ಆ ನಂಬಿಕೆಯನ್ನು ಅದರ ಗಟ್ಟಿಯಾದ ರೂಪದಲ್ಲೇ ಇಟ್ಟುಕೊಳ್ಳೋಣ. ಅದನ್ನು ಹಿಡಿದವರು ದಡ್ಡರೇನಲ್ಲ. ಕೇಳಿದರೆ ಮೂರು ಕಾರಣ ಕೊಡುತ್ತಾರೆ.

1. ಒಳಗಿನ ಭಾಗಗಳು ವರ್ಷಗಟ್ಟಲೆ ಉಜ್ಜಾಡಿ ಒಂದರ ಸವಕಳಿಗೆ ಇನ್ನೊಂದು ಹೊಂದಿಕೊಂಡಿರುತ್ತವೆ. ರಿಂಗು ಸಿಲಿಂಡರಿನ ಗೋಡೆಗೆ ಕೂತಿರುತ್ತದೆ, ಗೇರಿನ ಹಲ್ಲು ಎದುರಿನ ಹಲ್ಲಿಗೆ ಕೂತಿರುತ್ತದೆ. ಬಿಚ್ಚಿ ಮತ್ತೆ ಜೋಡಿಸಿದರೆ ಆ ಹೊಂದಿಕೆ ತಪ್ಪುತ್ತದೆ.

2. ಕಾರ್ಖಾನೆಯಲ್ಲಿ ಪ್ರೆಸ್ಸು, ಜಿಗ್ಗು, ಅಳತೆಯ ಗೇಜುಗಳಿದ್ದವು, ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ಲೆಕ್ಕವಿತ್ತು. ಮನೆಯಲ್ಲಿ ಇರುವುದು ಒಂದು ಸ್ಪ್ಯಾನರ್ ಸೆಟ್ಟು, ಒಂದು ಸುತ್ತಿಗೆ, ಬೇಕಾದಷ್ಟು ಉತ್ಸಾಹ.

3. ಎಲ್ಲಕ್ಕಿಂತ ದೊಡ್ಡದು ಕಣ್ಣಾರೆ ಕಂಡ ಅನುಭವ. ಬಿಚ್ಚಿ ಕಟ್ಟಿದ ಇಂಜಿನ್ನುಗಳು ಸದ್ದು ಮಾಡುತ್ತವೆ, ಆಯಿಲ್ ಸೋರುತ್ತವೆ, ಮತ್ತೆ ಮತ್ತೆ ಗ್ಯಾರೇಜಿನ ಬಾಗಿಲಿಗೆ ಬರುತ್ತವೆ.

ಈ ಮೂರೂ ಕಾರಣಗಳ ಅಡಿಯಲ್ಲಿ ಒಂದು ಗೊಂದಲ ಅಡಗಿದೆ. ನಾಲ್ಕು ಬೇರೆ ಬೇರೆ ಕೆಲಸಗಳನ್ನು ಒಂದೇ ಗಂಟು ಕಟ್ಟಿ ಮಾತಾಡಲಾಗುತ್ತಿದೆ. ಫ್ರೇಮಿನಿಂದ ಅಥವಾ ಬಾನೆಟ್ಟಿನ ಕೆಳಗಿನಿಂದ ಇಂಜಿನ್ ಕಳಚಿ ಹೊರಗಿಡುವುದು ಒಂದು. ಹೊರಗಿಟ್ಟದ್ದನ್ನು ಬಿಚ್ಚುವುದು ಎರಡನೆಯದು. ಬಿಚ್ಚಿದ ಭಾಗಗಳನ್ನು ಅಳೆದು, ಯಾವುದು ಉಳಿಯಬೇಕು ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು ಮೂರನೆಯದು. ಬೋರಿಂಗ್, ಗ್ರೈಂಡಿಂಗ್, ಪ್ರೆಸ್ಸಿನ ಕೆಲಸ ನಾಲ್ಕನೆಯದು. ಇವುಗಳ ಅಪಾಯ ಬೇರೆ, ಬೇಡುವ ಕೌಶಲ ಬೇರೆ, ನಡೆಯಬೇಕಾದ ಜಾಗವೂ ಬೇರೆ. ಮೇಲೆ ಹೇಳಿದ ಮೊದಲ ಕಾರಣ ಎರಡನೆಯ ಕೆಲಸಕ್ಕೆ ತಾಗುತ್ತದೆ. ಎರಡನೆಯ ಕಾರಣ ಮೂರು ಮತ್ತು ನಾಲ್ಕನೆಯ ಕೆಲಸಕ್ಕೆ ತಾಗುತ್ತದೆ. ಮೊದಲನೆಯ ಕೆಲಸಕ್ಕೆ, ಅಂದರೆ ಇಂಜಿನ್ ಇಳಿಸುವುದಕ್ಕೆ, ಮೂರರಲ್ಲಿ ಒಂದೂ ತಾಗುವುದಿಲ್ಲ. ಆದರೂ ಜನ ಹೆಚ್ಚು ಹೆದರುವುದು ಅದಕ್ಕೇ. ಇಂಜಿನ್ ಇಲ್ಲದ ಫ್ರೇಮು ಅಂಗಳದಲ್ಲಿ ನಿಂತದ್ದನ್ನು ಕಂಡರೆ ಮನೆಯವರ ಎದೆ ಧಸಕ್ಕೆನ್ನುವುದು ಸಹಜ. ಆ ಭಯಕ್ಕೂ ಯಂತ್ರಶಾಸ್ತ್ರಕ್ಕೂ ಸಂಬಂಧವಿಲ್ಲ.

ಇಳಿಸುವಾಗ ನಿಜವಾಗಿ ಏನಾಗುತ್ತದೆ? ನಮ್ಮದೇ ನೆಲದ ಉದಾಹರಣೆ ನೋಡೋಣ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ತಯಾರಿಸಿದ 250 ಸಿಸಿ ಟೂ ಸ್ಟ್ರೋಕ್ ಬೈಕುಗಳು ಇವತ್ತಿಗೂ ರಸ್ತೆಯಲ್ಲಿವೆ. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಗೇರ್ ಲಿವರೇ ಕಿಕ್ಕರ್ ಕೂಡ ಆಗುವ ಆ ಜಾಣ ಏರ್ಪಾಡು. ಅದರ ಇಂಜಿನ್ ಇಳಿಸಬೇಕೆಂದರೆ ಪೆಟ್ರೋಲ್ ಕಾಕ್ ಮುಚ್ಚಿ ಪೈಪು ಕಳಚಬೇಕು, ಕಾರ್ಬ್ಯುರೇಟರ್ ಬಿಡಿಸಬೇಕು, ಎರಡು ಸೈಲೆನ್ಸರ್ ಬೆಂಡುಗಳ ನಟ್ಟು ಸಡಿಲಿಸಬೇಕು, ಕ್ಲಚ್ ಕೇಬಲ್ಲು, ಡೈನಮೋದ ವೈರುಗಳು, ಚೈನು, ಕೊನೆಗೆ ಫ್ರೇಮಿಗೆ ಹಿಡಿದಿರುವ ಬೋಲ್ಟುಗಳು. ಆಮೇಲೆ ಇಬ್ಬರು ಸೇರಿ ಎತ್ತಿ ಗೋಣಿಚೀಲದ ಮೇಲೆ ಇಡುತ್ತಾರೆ. ಇಷ್ಟರಲ್ಲಿ ಪಿಸ್ಟನ್ ಕದಲಿಲ್ಲ, ರಿಂಗು ತಿರುಗಲಿಲ್ಲ, ಬೇರಿಂಗಿನ ಗುಂಡು ಅಲುಗಲಿಲ್ಲ. ಕಳಚಿದ್ದೆಲ್ಲ ಹೊರಗಿನ ಸಂಪರ್ಕಗಳು. ವರ್ಷಗಟ್ಟಲೆ ಕೂಡಿ ಸವೆದ ಹೊಂದಿಕೆಯ ಮಾತು ಇಲ್ಲಿ ಬರುವುದೇ ಇಲ್ಲ. ಫ್ರೇಮಿಗೆ ಬಣ್ಣ ಹೊಡೆಸಲು ಇಂಜಿನ್ ಇಳಿಸಿ ಮತ್ತೆ ಕೂರಿಸಿದ ಗಾಡಿ ‘ಮೊದಲಿನ ಹಂಗೆ’ ಇಲ್ಲವೆಂದರೆ, ತಪ್ಪು ಯಾವುದೋ ವೈರಿನಲ್ಲಿ ಅಥವಾ ಇನ್‌ಟೇಕ್ ಜಾಯಿಂಟಿನಲ್ಲಿ ಇರಬೇಕು. ಚೈನ್ ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ಅದನ್ನು ತಿರುವುಮುರುವು ಹಾಕಿದರೆ ಲಾಕ್ ಹಾರಿ ಚೈನು ಕಳಚಬಹುದು. ಇಂಥ ತಪ್ಪುಗಳು ಆಗುತ್ತವೆ, ಗ್ಯಾರೇಜಿನಲ್ಲೂ ಆಗುತ್ತವೆ.

ಇನ್ನು ‘ಬಿಚ್ಚಿಲ್ಲ’ ಎಂಬ ಮಾತಿನ ತೂಕ. ಅದನ್ನು ಸಾಬೀತು ಮಾಡುವುದು ಹೇಗೆ ಎಂಬ ಪ್ರಶ್ನೆ ಬಿಡಿ, ನಟ್ಟಿನ ಮೇಲಿನ ಬಣ್ಣ ಕದಡಿಲ್ಲ ಎಂಬುದಕ್ಕಿಂತ ಹೆಚ್ಚಿನ ಸಾಕ್ಷಿ ಯಾರ ಬಳಿಯೂ ಇರುವುದಿಲ್ಲ, ಬಣ್ಣದ ಡಬ್ಬಿಯಾದರೋ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಮಾತು ಸತ್ಯವೆಂದೇ ಒಪ್ಪಿಕೊಳ್ಳೋಣ. ಒಂದು ಇಂಜಿನ್ನನ್ನು ಮೂವತ್ತು ನಲವತ್ತು ವರ್ಷ ಬಿಚ್ಚಿಲ್ಲ ಎಂದರೆ ಎರಡು ಅರ್ಥ ಸಾಧ್ಯ. ಬಿಚ್ಚುವ ಅಗತ್ಯ ಬೀಳಲಿಲ್ಲ ಎನ್ನುವುದು ಒಂದು, ಅಗತ್ಯ ಬಿದ್ದಾಗ ಯಾರೂ ನೋಡಲಿಲ್ಲ ಎನ್ನುವುದು ಇನ್ನೊಂದು. ಮಾರುವವನ ಮಾತಿನಿಂದ ಇವೆರಡನ್ನು ಬೇರ್ಪಡಿಸಲಾಗುವುದಿಲ್ಲ. ಟೂ ಸ್ಟ್ರೋಕ್ ಗಾಡಿಯ ವಿಷಯದಲ್ಲಂತೂ ಎರಡನೆಯ ಸಾಧ್ಯತೆಯೇ ಹೆಚ್ಚು ಚಿಂತೆ ಹಚ್ಚಬೇಕು. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕಿಗೆ ಬೇಕಾದ ಆಯಿಲ್ ಇಂಜಿನ್ನಿನಲ್ಲೇ ಸುತ್ತುತ್ತಿರುತ್ತದೆ. ಜಾವಾದಂಥ ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಪೆಟ್ರೋಲು, ಗಾಳಿ, ಅದರೊಂದಿಗೆ ಬೆರೆಸಿದ ಟೂಟಿ ಆಯಿಲ್ ಎಲ್ಲವೂ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಆಮೇಲೆ ಸಿಲಿಂಡರಿಗೆ ಏರುತ್ತವೆ. ಕ್ರ್ಯಾಂಕಿನ ಬೇರಿಂಗಿಗೂ ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗಿಗೂ ಸಿಗುವ ಜಿಡ್ಡು ಆ ಮಿಶ್ರಣದಲ್ಲಿ ಬಂದಷ್ಟೇ. ಗಾಡಿ ಕೊಟ್ಟಿಗೆಯಲ್ಲಿ ವರ್ಷಾನುಗಟ್ಟಲೆ ನಿಂತರೆ ಪೆಟ್ರೋಲು ಆರುತ್ತದೆ, ಜಿಡ್ಡಿನ ಪದರ ತೆಳುವಾಗುತ್ತದೆ, ಮಳೆಗಾಲದ ತೇವ ಒಳಹೊಕ್ಕು ಬೇರಿಂಗಿನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಯಾರೂ ಮುಟ್ಟಲಿಲ್ಲ ಎಂಬ ಕಾರಣಕ್ಕೆ ತುಕ್ಕೇನೂ ಸುಮ್ಮನಿರುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಆಯಿಲ್ ಸೀಲು. ಕ್ರ್ಯಾಂಕ್‌ಕೇಸು ಪಂಪಿನ ಕೆಲಸ ಮಾಡಬೇಕೆಂದರೆ ಕ್ರ್ಯಾಂಕಿನ ಎರಡೂ ತುದಿಯಲ್ಲಿ ಗಾಳಿ ನುಸುಳದಂತೆ ರಬ್ಬರ್ ಸೀಲುಗಳು ಬೇಕು. ರಬ್ಬರು ಬಿಸಿಗೂ ಕಾಲಕ್ಕೂ ಗಟ್ಟಿಯಾಗುತ್ತದೆ, ತುಟಿ ಬಿರುಕು ಬಿಡುತ್ತದೆ. ಕ್ಲಚ್ಚಿನ ಕಡೆಯ ಸೀಲು ಹೋದರೆ ಕ್ಲಚ್ಚು ಕೂತಿರುವ ಆಯಿಲ್ ಕ್ರ್ಯಾಂಕ್‌ಕೇಸಿಗೆ ಸೇರಿ, ಸೈಲೆನ್ಸರಿನಿಂದ ದಟ್ಟ ಹೊಗೆಯಾಗಿ ಹೊರಬರುತ್ತದೆ. ಆಯಿಲ್ ಏಕೆ ಕಡಿಮೆಯಾಗುತ್ತಿದೆ ಎಂದು ಮಾಲೀಕ ನೆಲದ ಮೇಲೆ ಸೋರಿಕೆ ಹುಡುಕುತ್ತಿರುತ್ತಾನೆ. ಡೈನಮೋ ಕಡೆಯ ಸೀಲು ಹೋದರೆ ಇನ್ನೂ ಕೆಟ್ಟದ್ದು. ಅಲ್ಲಿಂದ ಹೆಚ್ಚುವರಿ ಗಾಳಿ ನುಗ್ಗಿ ಪೆಟ್ರೋಲಿನ ಪ್ರಮಾಣ ಕಡಿಮೆಯಾಗುತ್ತದೆ, ಜೊತೆಗೆ ಆಯಿಲ್ಲೂ ಕಡಿಮೆಯಾಗುತ್ತದೆ, ಇಂಜಿನ್ ಕಾಯುತ್ತದೆ, ಕೊನೆಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುವ ಗಾಡಿಯಲ್ಲಿ ಇದು ಆದರೆ ಹಿಂದಿನ ಚಕ್ರ ಸಿಕ್ಕಿಬೀಳಬಹುದು. ಹಾಗಾಗಿ 1996ಕ್ಕಿಂತ ಹಿಂದಿನ ಒಂದು ಯೆಜ್ಡಿಯನ್ನು ‘ಎಂದೂ ಬಿಚ್ಚಿಲ್ಲ’ ಎಂದು ಮಾರುವವನು, ಕ್ರ್ಯಾಂಕಿನ ಸೀಲುಗಳು ಆ ಕಾಲದವೇ ಎಂದು ಒಪ್ಪಿಕೊಳ್ಳುತ್ತಿದ್ದಾನೆ. ಅದಕ್ಕೆ ಬೆಲೆ ಇಳಿಯಬೇಕೇ ಹೊರತು ಏರಬಾರದು.

ತಯಾರಕರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಅವರೇ ಬಿಟ್ಟ ಸಾಕ್ಷಿ ನೋಡಿ. ಟೂ ಸ್ಟ್ರೋಕ್ ಗಾಡಿಗಳ ಕೈಪಿಡಿಗಳು ಆಗಾಗ ಹೆಡ್ಡು ತೆಗೆದು ಇಂಗಾಲ ಕೆರೆಯಬೇಕೆಂದು ಹೇಳುತ್ತಿದ್ದವು. ಮಾಲೀಕನೇ ಮಾಡಿಕೊಳ್ಳಬಹುದಾದ ಕೆಲಸವೆಂದೇ ಅದನ್ನು ಪರಿಗಣಿಸಿದ್ದರು. ಜಾವಾ 250ರ ಬೋರ್ 65 ಮಿಲಿಮೀಟರ್. ಇಂಥ ಗಾಡಿಗಳಿಗೆ ಕಾಲು ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ದೊಡ್ಡ ಅಳತೆಯ ಪಿಸ್ಟನ್ನುಗಳು ಸಿಗುತ್ತಿದ್ದವು. ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಇಂಜಿನ್ನಿಗೆ ದೊಡ್ಡ ಪಿಸ್ಟನ್ನಿನ ಜೊತೆಗೆ, ಕ್ರ್ಯಾಂಕ್ ಅರೆಸಿದ ಮೇಲೆ ಹಾಕಲು ದಪ್ಪನೆಯ ಬೇರಿಂಗ್ ಶೆಲ್ಲುಗಳೂ ಸಿಗುತ್ತಿದ್ದವು. ಬಿಚ್ಚಬಾರದ ಇಂಜಿನ್ನಿಗೆ ಮುಂದಿನ ಮೂರು ನಾಲ್ಕು ಬೋರಿಂಗಿನ ಪಿಸ್ಟನ್ನನ್ನು ಯಾರಾದರೂ ಮೊದಲೇ ತಯಾರಿಸಿಡುತ್ತಾರೆಯೇ? ಸವೆಯುತ್ತದೆ, ಬಿಚ್ಚುತ್ತಾರೆ, ಬೋರ್ ಮಾಡಿಸುತ್ತಾರೆ, ಮತ್ತೆ ಕಟ್ಟುತ್ತಾರೆ ಎಂಬ ಎಣಿಕೆಯ ಮೇಲೇ ಆ ಕಾಲದ ಇಂಜಿನ್ನುಗಳನ್ನು ರೂಪಿಸಿದ್ದರು. ಮುಚ್ಚಿದ ಪೆಟ್ಟಿಗೆಯ ಕಲ್ಪನೆ ನಾವು ಇತ್ತೀಚಿನ ಎಲೆಕ್ಟ್ರಾನಿಕ್ ಸಾಮಾನುಗಳಿಂದ ಕಲಿತು ಹಳೆಯ ಗಾಡಿಗಳ ಮೇಲೆ ಹೊರಿಸಿದ್ದು.

ಮೂರನೆಯ ಕಾರಣಕ್ಕೆ, ಕಣ್ಣಾರೆ ಕಂಡ ಅನುಭವಕ್ಕೆ, ಬರುತ್ತೇನೆ. ಬಿಚ್ಚಿದ ಇಂಜಿನ್ನುಗಳು ಬಿಚ್ಚದವುಗಳಿಗಿಂತ ಹೆಚ್ಚು ತೊಂದರೆ ಕೊಡುತ್ತವೆ ಎನ್ನುವುದು ಬಹುಶಃ ನಿಜವೇ. ಆದರೆ ಯಾರು ಬಿಚ್ಚಿಸುತ್ತಾರೆ? ಸದ್ದು, ಹೊಗೆ, ಪಿಕಪ್ ಇಲ್ಲದ ದೂರು ಇದ್ದವರು. ಅಂದರೆ ಬಿಚ್ಚಿದವುಗಳ ಗುಂಪಿನಲ್ಲಿ ಮೊದಲೇ ಕಾಯಿಲೆ ಬಿದ್ದ ಇಂಜಿನ್ನುಗಳೇ ತುಂಬಿವೆ. ಆಸ್ಪತ್ರೆಗೆ ಸೇರಿದವರಲ್ಲಿ ಸಾವು ಹೆಚ್ಚು, ಆದ್ದರಿಂದ ಮನೆಯಲ್ಲೇ ಇರುವುದು ಕ್ಷೇಮ ಎಂದು ಯಾರಾದರೂ ವಾದಿಸಿದರೆ ನಗುತ್ತೇವೆ. ಇಂಜಿನ್ನಿನ ವಿಷಯದಲ್ಲಿ ಅದೇ ವಾದಕ್ಕೆ ತಲೆದೂಗುತ್ತೇವೆ. ಹೋಲಿಸಬೇಕಾದದ್ದು ಒಂದೇ ಮಟ್ಟಿಗೆ ಸವೆದ ಎರಡು ಇಂಜಿನ್ನುಗಳನ್ನು. ಒಂದನ್ನು ಸರಿಯಾಗಿ ಬಿಚ್ಚಿ ಕಟ್ಟಿ, ಇನ್ನೊಂದನ್ನು ಹಾಗೇ ಓಡಿಸಿ ನೋಡಿದರೆ ಯಾವುದು ಮೊದಲು ನಿಲ್ಲುತ್ತದೆ ಎಂಬುದರಲ್ಲಿ ಯಾವ ಮೆಕ್ಯಾನಿಕ್ಕಿಗೂ ಅನುಮಾನವಿರುವುದಿಲ್ಲ.

ಈಗ ಎದುರಾಳಿಗೆ ಸಲ್ಲಬೇಕಾದದ್ದನ್ನು ಕೊಡೋಣ. ಮೇಲಿನ ವಾಕ್ಯದಲ್ಲಿ ‘ಸರಿಯಾಗಿ’ ಎಂದೆ. ಅನುಭವದಲ್ಲಿ ಸಿಗುವ ಬಿಚ್ಚಿದ ಇಂಜಿನ್ನುಗಳಲ್ಲಿ ಸರಿಯಾಗಿ ಬಿಚ್ಚಿದವು ಎಷ್ಟು ಎಂಬುದು ನ್ಯಾಯವಾದ ಪ್ರಶ್ನೆ. ಒಂದು ಹಳೆಯ ಕ್ರ್ಯಾಂಕ್‌ಕೇಸನ್ನು ಹತ್ತಿರದಿಂದ ನೋಡಿದರೆ ಅದರ ಚರಿತ್ರೆಯನ್ನೇ ಓದಬಹುದು. ಎರಡು ಅರ್ಧಗಳು ಕೂಡುವ ಅಂಚಿನಲ್ಲಿ ಉಗುರಿಗೆ ತಗಲುವ ಸಣ್ಣ ಕಚ್ಚು ಇದ್ದರೆ, ಯಾರೋ ಪುಲ್ಲರ್ ಇಲ್ಲದೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ್ದಾರೆ. ಆ ಕಚ್ಚಿನ ಮೇಲೆ ಗ್ಯಾಸ್ಕೆಟ್ ಪೇಸ್ಟನ್ನು ಬೆಣ್ಣೆಯಷ್ಟು ದಪ್ಪ ಮೆತ್ತಿದ್ದರೆ, ಮೀಟಿದವನಿಗೆ ತಾನು ಮಾಡಿದ್ದು ಗೊತ್ತಿತ್ತು. ಕ್ಲಚ್ ನಟ್ಟಿನ ಮೂಲೆಯಲ್ಲಿ ಉಳಿಯ ಗಾಯ, ಸರಿಯಾದ ಸಾಕೆಟ್ ಇರಲಿಲ್ಲವೆಂಬುದಕ್ಕೆ ಗುರುತು. ಅಂಬಾಸಡರಿನ ಹಳೆಯ ಇಂಜಿನ್ನಿನಲ್ಲಿ ನಟ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಮೊದಲ ಸಲ ತಿರುಗುತ್ತದೆ, ತುಕ್ಕು ಹಿಡಿದ ನಟ್ಟಾದರೆ ಮೂಲೆ ಉರುಟಾಗುತ್ತದೆ, ಆಮೇಲೆ ಉಳಿ ಸುತ್ತಿಗೆಯೇ ಗತಿ. ಇಂಥ ಕೈಗಳಿಗೆ ಸಿಕ್ಕ ಇಂಜಿನ್ನುಗಳನ್ನು ಕಂಡವರು ‘ಬಿಚ್ಚಬಾರದು’ ಎಂಬ ತೀರ್ಮಾನಕ್ಕೆ ಬಂದರೆ ಅವರನ್ನು ದೂರಲಾಗದು. ಆದರೆ ಅವರು ಕಂಡದ್ದು ಅವಸರದ ಫಲ, ತಪ್ಪು ಸಲಕರಣೆಯ ಫಲ. ಅದರ ದೋಷವನ್ನು ಬಿಚ್ಚುವ ಕ್ರಿಯೆಯ ಮೇಲೇ ಹೊರಿಸಿದ್ದಾರೆ.

ಅವಸರ ಎನ್ನುವಾಗ ‘ಮನೆಯಲ್ಲಿ’ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಮನೆಗಿಂತ ಗ್ಯಾರೇಜು ಎಲ್ಲ ರೀತಿಯಲ್ಲೂ ಮೇಲು ಎಂದು ನಂಬಿದವರು ಒಂದು ವಿಷಯ ಮರೆಯುತ್ತಾರೆ. ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಇಲ್ಲದ ಒಂದು ಸಲಕರಣೆ ಮಾಲೀಕನ ಬಳಿ ಇದೆ, ಸಮಯ. ಜಾಮ್ ಆದ ಸೈಲೆನ್ಸರ್ ನಟ್ಟಿಗೆ ಇವತ್ತು ಸಂಜೆ ತುಕ್ಕಿನೆಣ್ಣೆ ಬಿಟ್ಟು ನಾಳೆ ಸಂಜೆ ಕೈ ಹಚ್ಚುವುದು ಮಾಲೀಕನಿಗೆ ಸಾಧ್ಯ. ಸಾಲುಗಟ್ಟಿ ನಿಂತ ಗಾಡಿಗಳ ಮಧ್ಯೆ ಕೂತ ಮೆಕ್ಯಾನಿಕ್ಕು ಪೈಪು ತೂರಿಸಿ ಒತ್ತಿಯೇ ಬಿಡುತ್ತಾನೆ. ತ್ರೆಡ್ಡು ಕಿತ್ತು ಬರುವುದು ಆಗಲೇ. ಬೇರಿಂಗ್ ತೆಗೆಯುವುದೂ ಹಾಗೆಯೇ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 62 ಮಿಲಿಮೀಟರ್ ಹೊರವ್ಯಾಸದ ಬೇರಿಂಗ್ ಕೂತ ಅಲ್ಯೂಮಿನಿಯಂ ಕೇಸನ್ನು 75 ಡಿಗ್ರಿಯಷ್ಟು ಬಿಸಿ ಏರಿಸಿದರೆ, ಗೂಡು ಬೇರಿಂಗಿಗಿಂತ ಸುಮಾರು 0.05 ಮಿಲಿಮೀಟರ್ ಹೆಚ್ಚು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ, ಆದರೆ ಬಿಗಿಯಾಗಿ ಕೂತ ಬೇರಿಂಗ್ ಬಿಡಲು ಅಷ್ಟೇ ಬೇಕಾದದ್ದು. ಕುದಿಯುವ ನೀರು ಹುಯ್ಯುತ್ತ ಕಾಯುವ ತಾಳ್ಮೆ ಇದ್ದವನ ಕೈಯಲ್ಲಿ ಬೇರಿಂಗ್ ತಾನಾಗಿ ಜಾರಿ ಬರುತ್ತದೆ, ಇಲ್ಲದವನ ಕೈಯಲ್ಲಿ ಸುತ್ತಿಗೆ ಏಟಿಗೆ ಗೂಡು ಅಗಲವಾಗುತ್ತದೆ. ಇನ್ನೊಂದು ಸಂಗತಿಯೂ ಇದೆ. ಮೈಸೂರಿನ ಕಾರ್ಖಾನೆ ಮುಚ್ಚಿ ಮೂರು ದಶಕಗಳಾಗುತ್ತ ಬಂತು. ಅಲ್ಲಿ ಪಳಗಿದ ಕೈಗಳು ಮುಪ್ಪಾಗಿವೆ. ಯೆಜ್ಡಿಯ ಒಳಗನ್ನು ಎಂದೂ ಕಾಣದ ಗ್ಯಾರೇಜಿನ ಹುಡುಗನಿಗೂ ಕೈಪಿಡಿ ಓದಿದ ಮಾಲೀಕನಿಗೂ ಆ ಇಂಜಿನ್ನಿನ ಮಟ್ಟಿಗೆ ಅಂಥ ದೊಡ್ಡ ಅಂತರವಿಲ್ಲ. ಹುಡುಗನ ಕೈಗೆ ನಟ್ಟಿನ ಬಿಗಿ ಗೊತ್ತು, ಅದು ದೊಡ್ಡ ಗುಣ, ನಿಜ. ಮಾಲೀಕ ಅದನ್ನು ಟಾರ್ಕ್ ವ್ರೆಂಚಿನಿಂದ ತುಂಬಿಕೊಳ್ಳಬೇಕಾಗುತ್ತದೆ.

ಹಾಗೆಂದು ಮನೆ ಎಲ್ಲ ಇಂಜಿನ್ನಿಗೂ ಒಂದೇ ಅಲ್ಲ. ಬೈಕಿನ ಇಂಜಿನ್ ಇಬ್ಬರ ತೋಳಿನ ಮಾತು. ಅಂಬಾಸಡರಿನ ಎರಕದ ಕಬ್ಬಿಣದ ಇಂಜಿನ್ ನೂರು ಕಿಲೋ ಮೀರಿದ್ದು, ಗೇರ್‌ಬಾಕ್ಸ್ ಸಮೇತ ಎತ್ತಿದರೆ ಇನ್ನೂ ಹೆಚ್ಚು. ಇಲ್ಲಿ ಅಪಾಯ ಇಂಜಿನ್ನಿಗಲ್ಲ, ಮನುಷ್ಯನಿಗೆ. ಮಾವಿನ ಕೊಂಬೆಗೋ ಪೋರ್ಟಿಕೋದ ಫ್ಯಾನ್ ಹುಕ್ಕಿಗೋ ಚೈನ್ ಬ್ಲಾಕ್ ಕಟ್ಟುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ಹುಕ್ಕು ಇಟ್ಟದ್ದು ಕೆಲವು ಕಿಲೋದ ಫ್ಯಾನಿಗೆ. ಸರಪಳಿ ಒಂದು ಕೊಂಡಿಯಷ್ಟು ಜಾರಿ ಮತ್ತೆ ಬಿಗಿದರೆ ಹುಕ್ಕಿನ ಮೇಲೆ ಬೀಳುವ ಬಲ ತೂಕದ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ಇದು ಯಂತ್ರಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಮಲಗುವುದೂ ಇದೇ ಜಾತಿಯದು. ಕಾಲುಗಳಿರುವ ಇಂಜಿನ್ ಹಾಯಿಸ್ಟು, ಎರಡು ಗಟ್ಟಿ ಸ್ಟ್ಯಾಂಡು, ಬ್ಯಾಟರಿಯ ಅರ್ತ್ ತಂತಿ ಮೊದಲೇ ಕಳಚಿಡುವ ಶಿಸ್ತು, ಪೆಟ್ರೋಲು ತೆರೆದಿರುವಾಗ ಸುತ್ತಮುತ್ತ ದೀಪ ಬೀಡಿ ಇಲ್ಲದಿರುವುದು, ಇಷ್ಟು ಒದಗದ ಮನೆಯಲ್ಲಿ ಕಾರಿನ ಇಂಜಿನ್ ಇಳಿಸಬಾರದು. ನಂಬಿಕೆಯವರು ‘ಮನೆಯಲ್ಲಿ ಬೇಡ’ ಎನ್ನುವಾಗ ಈ ಕಾರಣ ಕೊಟ್ಟಿದ್ದರೆ ನಾನು ಜಗಳಕ್ಕೆ ಹೋಗುತ್ತಿರಲಿಲ್ಲ. ಅವರು ಕೊಡುವುದು ಇಂಜಿನ್ನಿನ ಕ್ಷೇಮದ ಕಾರಣ, ತೂಗುತ್ತಿರುವುದು ಮನುಷ್ಯನ ಬೆರಳು.

ಈ ನಂಬಿಕೆಗೆ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ಗೊಂದಲ ಇತ್ತೀಚೆಗೆ ಬೆಳೆದಿದೆ. ನಾಲ್ಕು ವಿಡಿಯೋ ನೋಡಿ, ಇಳಿಸಿದವನು ಎಲ್ಲವನ್ನೂ ಮಾಡಬಲ್ಲ ಎಂದು ತಿಳಿಯುವುದು. ಅದೇ ನಾಲ್ಕು ಕೆಲಸಗಳನ್ನು ಇವರೂ ಒಂದೇ ಗಂಟು ಕಟ್ಟುತ್ತಾರೆ, ಉತ್ತರ ಮಾತ್ರ ‘ಆಗದು’ ಬದಲು ‘ಆಗುತ್ತದೆ’. ಜಾವಾದ ಕ್ರ್ಯಾಂಕು ಒಂದೇ ತುಂಡಲ್ಲ, ಎರಡು ಫ್ಲೈವೀಲುಗಳ ನಡುವೆ ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ್ದು. ಕನೆಕ್ಟಿಂಗ್ ರಾಡ್ ಬದಲಿಸಬೇಕೆಂದರೆ ಆ ಪಿನ್ನು ಹೊರಬಂದು ಮತ್ತೆ ಒಳಹೋಗಬೇಕು, ಆಮೇಲೆ ಎರಡು ಸೆಂಟರುಗಳ ನಡುವೆ ತಿರುಗಿಸಿ ಡಯಲ್ ಗೇಜು ಹಿಡಿದು ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದಲ್ಲಿ ನೇರ ಮಾಡಬೇಕು. ಇದಕ್ಕೆ ಅಂಗಳ ಸಾಲದು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು ಕೂಡ ಅಷ್ಟೇ ಸೂಕ್ಷ್ಮ. ಪೇಟೆಯಲ್ಲಿ ಸಿಗುವ ಸಾಧಾರಣ ವರ್ನಿಯರ್ ತೋರಿಸುವ ಅತಿ ಸಣ್ಣ ಅಳತೆ 0.02 ಮಿಲಿಮೀಟರ್. ಅದನ್ನು ಹಿಡಿದು ಸಿಲಿಂಡರು ಮೇಲೆ ಎಷ್ಟು ಕೆಳಗೆ ಎಷ್ಟು ಸವೆದಿದೆ, ದುಂಡಗಿದೆಯೋ ಮೊಟ್ಟೆಯಾಗಿದೆಯೋ ಎಂದು ಹೇಳುವುದು ಊಹೆಯೇ. ಬೋರ್ ಗೇಜು, ಮೈಕ್ರೋಮೀಟರು ಇರುವ ಲೇತ್ ಅಂಗಡಿಯವರ ಬಳಿ ಹೋಗಬೇಕು. ಇಳಿಸುವುದು ಮನೆಯಲ್ಲಿ, ಅಳೆಯುವುದು ಮತ್ತು ಬೋರ್ ಮಾಡುವುದು ಅವರಲ್ಲಿ, ಮತ್ತೆ ಏರಿಸುವುದು ಮನೆಯಲ್ಲಿ. ಹೀಗೆ ಹಂಚಿಕೊಂಡರೆ ‘ಮನೆಯೋ ಗ್ಯಾರೇಜೋ’ ಎಂಬ ಜಗಳಕ್ಕೆ ಹುರುಳು ಉಳಿಯುವುದಿಲ್ಲ.

ಹಣ ಉಳಿಯುತ್ತದೆ ಎಂಬ ವಾದವನ್ನು ನಾನು ಎತ್ತುವುದಿಲ್ಲ, ಯಾಕೆಂದರೆ ಅದು ದುರ್ಬಲ. ಬಿಲ್ಲಿನ ದೊಡ್ಡ ಪಾಲು ಬಿಡಿಭಾಗಕ್ಕೂ ಲೇತಿಗೂ ಹೋಗುತ್ತದೆ. ಉಳಿದ ಕೂಲಿಯನ್ನು ಪುಲ್ಲರು, ಸಾಕೆಟ್ಟು, ವ್ರೆಂಚುಗಳು ನುಂಗುತ್ತವೆ. ಕಾನೂನಿನ ಆಕ್ಷೇಪ ಹೆಚ್ಚು ಗಂಭೀರ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನಿನ ಮಾರ್ಪಾಡು ಒಳಗೊಂಡ ದೊಡ್ಡ ಓವರ್‌ಹಾಲ್ ಆಗಿರಬಾರದು ಎಂಬುದು ಷರತ್ತು. 1960ರ ದಶಕದ ಜಾವಾಗಳು ಈ ವಯಸ್ಸಿಗೆ ಬಂದಿವೆ. ಹಾಗಾದರೆ ಸರ್ಕಾರವೂ ‘ಬಿಚ್ಚಿಲ್ಲ’ ಎಂಬುದಕ್ಕೇ ಬೆಲೆ ಕೊಟ್ಟಂತಾಯಿತಲ್ಲ ಎಂದು ಕೇಳಬಹುದು. ಆ ಷರತ್ತಿನ ಕಣ್ಣಿರುವುದು ಮಾರ್ಪಾಡಿನ ಮೇಲೆ, ಬೇರೆ ಇಂಜಿನ್ ತಂದು ಕೂರಿಸುವುದು, ಗಾಡಿಯ ಗುರುತನ್ನೇ ಬದಲಿಸುವುದು ಇಂಥವುಗಳ ಮೇಲೆ. ಅದೇ ಇಂಜಿನ್ನಿಗೆ ಅದೇ ಬಗೆಯ ಸೀಲು, ರಿಂಗು, ಬೇರಿಂಗ್ ಹಾಕುವುದು ಮಾರ್ಪಾಡಲ್ಲ, ಗಾಡಿಯನ್ನು ಮೂಲ ರೂಪದಲ್ಲಿ ಉಳಿಸುವ ದಾರಿಯೇ ಅದು. 1988ರ ಮೋಟಾರು ವಾಹನ ಕಾಯ್ದೆಯೂ ತಡೆಯುವುದು ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು. ಇಳಿಸಿದ ಇಂಜಿನ್ನನ್ನೇ ಮತ್ತೆ ಏರಿಸಿದರೆ ಆರ್‌ಸಿಯ ಇಂಜಿನ್ ನಂಬರು ಅದೇ ಇರುತ್ತದೆ. ಒಂದೇ ಎಚ್ಚರಿಕೆ: ಕ್ರ್ಯಾಂಕ್‌ಕೇಸನ್ನು ಮರಳು ಹೊಡೆಸಿ ಚೊಕ್ಕ ಮಾಡಿಸುವ ಆಸೆಯಲ್ಲಿ ಆ ನಂಬರು ಅಳಿಸಿಹೋಗದಂತೆ ಮುಚ್ಚಿಡಬೇಕು. ಅಳಿಸಿದರೆ ಆರ್‌ಟಿಓ ಕಚೇರಿಯಲ್ಲಿ ಯಾವ ವಾದವೂ ನಡೆಯುವುದಿಲ್ಲ.

ಉಳಿದದ್ದು, ಯಾವಾಗ ಇಳಿಸಬೇಕು ಎಂಬ ಪ್ರಶ್ನೆ. ಇಲ್ಲಿ ನಾನು ಹಳೆಯ ನಂಬಿಕೆಯವರ ಪಕ್ಕದಲ್ಲಿ ನಿಲ್ಲುತ್ತೇನೆ: ಕಾರಣವಿಲ್ಲದೆ ಮುಟ್ಟಬಾರದು. ಯೆಜ್ಡಿಯ ಹೆಡ್ಡು, ಸಿಲಿಂಡರು, ಪಿಸ್ಟನ್ನು, ಕ್ಲಚ್ ಪ್ಲೇಟು ಎಲ್ಲವನ್ನೂ ಇಂಜಿನ್ ಫ್ರೇಮಿನಲ್ಲಿರುವಾಗಲೇ ಬದಲಿಸಬಹುದು. ಇಳಿಸಬೇಕಾದದ್ದು ಕ್ರ್ಯಾಂಕು, ಅದರ ಬೇರಿಂಗು, ಗೇರುಗಳ ಕೆಲಸಕ್ಕೆ, ಇಲ್ಲವೇ ಫ್ರೇಮಿನ ಕೆಲಸಕ್ಕೆ. ಬೇರಿಂಗಿಗೆ ಕೆಲಸ ಬೇಕೇ ಎಂದು ತಿಳಿಯಲು ಬಲಗಡೆಯ ಕವರ್ ತೆಗೆದು ಡೈನಮೋದ ಆರ್ಮೇಚರನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಸಾಕು, ಬೇರಿಂಗಿನ ಆಟ ಕೈಗೇ ಗೊತ್ತಾಗುತ್ತದೆ. ಇಳಿಸುವುದೇ ನಿಶ್ಚಯವಾದರೆ, ಕ್ಲಚ್ಚಿನ ನಟ್ಟನ್ನೂ ಚೈನ್ ಸ್ಪ್ರಾಕೆಟ್ಟಿನ ನಟ್ಟನ್ನೂ ಚೈನು ಕಳಚುವ ಮೊದಲೇ ಸಡಿಲಿಸಿಕೊಳ್ಳಿ. ಟಾಪ್ ಗೇರಿಗೆ ಹಾಕಿ ಹಿಂದಿನ ಬ್ರೇಕ್ ಒತ್ತಿ ಹಿಡಿದರೆ ಇಂಜಿನ್ ತಿರುಗುವುದಿಲ್ಲ. ನೆಲದ ಮೇಲಿಟ್ಟ ಇಂಜಿನ್ನಿನಲ್ಲಿ ಅದೇ ನಟ್ಟು ಸಡಿಲಿಸಲು ಹೋದವರು ಉಳಿ ಎತ್ತಿಕೊಳ್ಳುತ್ತಾರೆ, ಹಳೆಯ ನಂಬಿಕೆಗೆ ಇನ್ನೊಂದು ಸಾಕ್ಷಿ ಒದಗಿಸುತ್ತಾರೆ.

ಕೊನೆಗೆ ಮಾಲೀಕರಲ್ಲಿ ಒಂದು ಕೇಳಿಕೆ. ಬಿಚ್ಚಿಸಿದ್ದನ್ನು ಮುಚ್ಚಿಡಬೇಡಿ, ಬರೆದಿಡಿ. ಯಾವ ತಿಂಗಳು ಇಳಿಸಿದ್ದು, ಯಾವ ಅಳತೆಯ ಪಿಸ್ಟನ್ ಹಾಕಿದ್ದು, ಬೋರ್ ಮಾಡಿದವರ ಚೀಟಿ, ಸೀಲು ಬೇರಿಂಗುಗಳ ಬಿಲ್ಲು, ಇವನ್ನೆಲ್ಲ ಆರ್‌ಸಿ ಜೊತೆಗೆ ಒಂದೇ ಕವರಿನಲ್ಲಿ ಇಡಿ. ಕೊಳ್ಳುವವರೂ ‘ಇಂಜಿನ್ ಬಿಚ್ಚಿದ್ದೀರಾ?’ ಎಂದು ಕೇಳುವುದನ್ನು ಬಿಟ್ಟು ಆ ಕವರನ್ನು ಕೇಳಲಿ. ಅದು ಇಲ್ಲದ ಗಾಡಿಗೆ ಸೀಲು, ಬೇರಿಂಗು, ಬೋರಿಂಗಿನ ಖರ್ಚನ್ನು ಮೊದಲೇ ಕಳೆದು ಬೆಲೆ ಹೇಳಲಿ.